ಜಾವಾ ಭಾಷೆಯೂ ಸಂಘದ ಲೆಕ್ಕವೂ

ಮನುಷ್ಯರು ಆಡುವ ಭಾಷೆಗಳಿರುವಂತೆ ಗಣಕಯಂತ್ರಕ್ಕೆ ಕೆಲಸ ಹೇಳುವ ಭಾಷೆಗಳೂ ಉಂಟು. ಅವುಗಳಲ್ಲಿ ಜಾವಾ ಎಂಬುದರೊಡನೆ ನಮಗೆ ಬಹುಕಾಲದ ಒಡನಾಟ. ಕಂಡವರೆದುರೆಲ್ಲ ಅದರ ಗುಣಗಾನ ಮಾಡುತ್ತಿದ್ದ ನಮಗೆ ಅದರ ಮಿತಿ ಅರಿವಾದುದು, ನಮ್ಮ ತಪ್ಪಿಗೆ ಮತ್ತೊಬ್ಬರು ತಲೆತಗ್ಗಿಸುವಂತಾದ ಮೇಲೆಯೇ.

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಎಂಬವರೂ ಅವರ ಸಂಗಡಿಗರೂ ರೂಪಿಸಿದ ಈ ಭಾಷೆ 1995ರಲ್ಲಿ ಲೋಕಕ್ಕೆ ಪರಿಚಯವಾಯಿತು. ಒಮ್ಮೆ ಬರೆದುದು ಎಲ್ಲ ಬಗೆಯ ಯಂತ್ರಗಳಲ್ಲಿಯೂ ನಡೆಯಬೇಕೆಂಬುದು ಅವರ ಸಂಕಲ್ಪ. ಅದಕ್ಕಾಗಿ ಒಂದೊಂದು ಯಂತ್ರದಲ್ಲಿಯೂ ದುಭಾಷಿಯಂತೆ ಕೆಲಸಮಾಡುವ ಏರ್ಪಾಡೊಂದನ್ನು ಮಾಡಿದರು.

ಈ ಭಾಷೆಯಲ್ಲಿ ಕ್ಲಾಸ್ ಎಂಬುದು ಸಂಕ್ರಾಂತಿಗೆ ಸಕ್ಕರೆ ಪಾಕ ಹೊಯ್ಯುವ ಮರದ ಅಚ್ಚಿನಂತೆ. ಅದರಿಂದ ತೆಗೆದ ಒಂದೊಂದು ಬೊಂಬೆಯೂ ಒಂದು ಆಬ್ಜೆಕ್ಟ್. ಆದರೆ ಈ ಬೊಂಬೆಗಳು ತಮ್ಮ ಬಾಬನ್ನು ಒಳಗೆ ಬಚ್ಚಿಟ್ಟುಕೊಂಡು, ನಿಯಮಿಸಿದ ಬಾಗಿಲಿನಿಂದ ಬಂದವರಿಗೆ ಮಾತ್ರ ಉತ್ತರ ಕೊಡುವಂತೆ ಮಾಡಬಹುದು. ನಮ್ಮ ಬಡಾವಣೆಯ ಉಳಿತಾಯ ಸಂಘಕ್ಕೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಾಗ ಈ ಗುಣವೇ ನೆರವಾಯಿತು. ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆಯಕೂಡದೆಂಬ ನಿಯಮವನ್ನು ಒಂದೇ ಕಡೆ ಬರೆದೆವು. ಅದು ಎಲ್ಲ ಸದಸ್ಯರ ಖಾತೆಗೂ ಕಾವಲಾಯಿತು. ಸಂಖ್ಯೆ ಇಡಬೇಕಾದೆಡೆ ಪದವನ್ನಿಟ್ಟರೆ, ಪ್ರೋಗ್ರಾಮ್ ನಡೆಯುವ ಮೊದಲೇ ಭಾಷೆ ಆಕ್ಷೇಪಿಸುತ್ತಿತ್ತು. ಇಂತಹ ಕಟ್ಟುನಿಟ್ಟಿನಲ್ಲಿ ತಪ್ಪಿಗೆ ಎಡೆಯೆಲ್ಲಿಯದೆಂದು ನಾವು ಬೀಗಿದೆವು.

ದಶಮಾಂಶದ ತೊಡಕು ಬೇಡವೆಂದು ನಾವು ಲೆಕ್ಕವನ್ನು ಪೈಸೆಗಳಲ್ಲಿ ಇಟ್ಟಿದ್ದೆವು. ಮೊತ್ತವನ್ನಿಡಲು ಇಂಟ್ ಎಂಬ ಪಾತ್ರೆಯನ್ನು ಆರಿಸಿದ್ದೆವು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ಪೈಸೆಯ ಲೆಕ್ಕದಲ್ಲಿ ಇದು ಎರಡು ಕೋಟಿ ಹದಿನಾಲ್ಕು ಲಕ್ಷ ಚಿಲ್ಲರೆ ರೂಪಾಯಿ. ಸಂಘದ ಠೇವಣಿ ಎರಡು ಕೋಟಿ ಹದಿನೈದು ಲಕ್ಷ ಮುಟ್ಟಿದ ದಿನ ಭಾಷೆ ಎಚ್ಚರಿಕೆಯ ಒಂದು ಮಾತನ್ನೂ ಆಡಲಿಲ್ಲ; ಎರಡು ಕೋಟಿ ಹದಿನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಋಣವನ್ನು ತೋರಿಸಿ ಸುಮ್ಮನಾಯಿತು.

ಯಂತ್ರ ತಪ್ಪುವುದುಂಟೆ? ಸಂದೇಹವೆಲ್ಲ ಗುಮಾಸ್ತರ ಮೇಲೆ ಬಿದ್ದಿತು. ಆ ವೃದ್ಧರು ಎರಡು ರಾತ್ರಿ ನಿದ್ದೆಗೆಟ್ಟು ಖಾತೆಪುಸ್ತಕವನ್ನೆಲ್ಲ ಮತ್ತೆ ಕೂಡಿದರು. ಅವರ ಕೈಲೆಕ್ಕ ಒಂದು ಪೈಸೆಯೂ ತಪ್ಪಿರಲಿಲ್ಲ. ಸಭೆಯಲ್ಲಿ ನಾವು ಎದ್ದುನಿಂತು ತಪ್ಪು ನಮ್ಮದೆಂದು ಒಪ್ಪಿಕೊಂಡೆವು.

ಲಾಂಗ್ ಎಂಬ ದೊಡ್ಡ ಪಾತ್ರೆ ಆ ಭಾಷೆಯಲ್ಲಿ ಮೊದಲಿನಿಂದಲೂ ಉಂಟು. ಮೊತ್ತ ಮಿತಿಮೀರಿದರೆ ಕೂಗಿ ಹೇಳುವ ಕೂಡುವಿಕೆಯೂ 2014ರಿಂದ ದೊರೆತಿದೆ. ಬಳಸಿಕೊಳ್ಳದವರು ನಾವು. ಜಾವಾದ ಸ್ವಂತ ಭಂಡಾರದಲ್ಲಿಯೇ, ಹುಡುಕುವ ವಿಧಾನವೊಂದರಲ್ಲಿ, ಇಂತಹದೇ ದೋಷ ಸುಮಾರು ಒಂಬತ್ತು ವರ್ಷ ಅಡಗಿತ್ತೆಂದು, ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ತಿಳಿಸಿದರು. ಇದು ನಮಗೆ ಸಮಾಧಾನವಾಗಬಹುದು. ಗುಮಾಸ್ತರ ಎರಡು ರಾತ್ರಿಗಳಿಗೆ ಪರಿಹಾರವಾಗದು. ಬರೆದ ನಿಯಮವನ್ನು ಭಾಷೆ ಕಾಯುತ್ತದೆ. ಬರೆಯಲು ಮರೆತುದನ್ನು ಕಾಯುವ ಹೊಣೆ ನಮ್ಮದೇ.

ಕ್ಷಮೆ ಕೇಳಲು ಹೋದಾಗ ಆ ಹಿರಿಯರು, “ಹೋಗಲಿ ಬಿಡಿ ಸ್ವಾಮಿ, ಮುಂದೆ ಒಂದು ಸಲ ನನ್ನ ಲೆಕ್ಕದೊಡನೆ ತಾಳೆ ನೋಡಿ,” ಎಂದರು. ಅಂದಿನಿಂದ ತಿಂಗಳ ಕೊನೆಗೆ ನಾವಿಬ್ಬರೂ ಎದುರುಬದುರು ಕುಳಿತು ಮೊತ್ತವನ್ನು ಓದಿಕೊಳ್ಳುತ್ತೇವೆ.