1203 ಅಂದರೆ ಪೆಟ್ರೋಲು

ಜೂನ್ 10, 2024, ಸೋಮವಾರ. ಭೇರ್ಯ
ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಸನ್ ಮುಗಿದ ಮೇಲೆ ಲಾರಿಗೆ ಲೋಡೇ ಇಲ್ಲ. ಹಾಸನದಿಂದ ಪೆಟ್ರೋಲ್ ತರೋ ಟ್ಯಾಂಕರ್‌ಗೆ ಡ್ರೈವರ್ ಬೇಕಂತೆ, ಮಾವ ಹೇಳಿದರು. ಹೆವಿ ಲೈಸೆನ್ಸ್ ಒಂದೇ ಸಾಲದು. ಕೇಂದ್ರ ಮೋಟಾರು ವಾಹನಗಳ ನಿಯಮ 9ರ ಪ್ರಕಾರ ಮೂರು ದಿನದ ತರಬೇತಿ ಆಗಬೇಕು. ಆಮೇಲೆ ಆರ್‌ಟಿಒದಲ್ಲಿ ಲೈಸೆನ್ಸಿಗೆ ಎಂಡಾರ್ಸ್‌ಮೆಂಟ್ ಹಾಕಿಸಬೇಕು. ಕನ್ನಡದ ಜೊತೆ ಇಂಗ್ಲಿಷೂ ಓದಿ ಬರೆಯೋಕೆ ಬರಬೇಕು. ಎಸ್ಸೆಸ್ಸೆಲ್ಸಿ ಇಂಗ್ಲಿಷು ಈಗ ಕೆಲಸಕ್ಕೆ ಬಂತು.

ಬ್ರೋಕರ್ ಒಬ್ಬ, 'ಮೂರು ದಿನ ಯಾಕಣ್ಣ ಹಾಳು ಮಾಡ್ಕೋತೀಯ, ಸರ್ಟಿಫಿಕೇಟ್ ಮನೆಗೇ ತಂದ್ಕೊಡ್ತೀನಿ' ಅಂದ. ಬೇಡ ಅಂದೆ.

ಜೂನ್ 12, ಬುಧವಾರ. ಮೈಸೂರು
ತರಬೇತಿ ಶುರು. ಬೆಳಿಗ್ಗೆಯೆಲ್ಲ ಬ್ರೇಕು, ತಿರುವು, ಮುಂದಿನ ಗಾಡಿಯಿಂದ ಬಿಡಬೇಕಾದ ಅಂತರ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವರು ಆಕಳಿಸುತ್ತಿದ್ದರು.

ಜೂನ್ 13, ಗುರುವಾರ
ಇವತ್ತು ಯಾರೂ ಆಕಳಿಸಲಿಲ್ಲ. ತುಂಬಿದ ಟ್ಯಾಂಕರ್‌ಗಿಂತ ಖಾಲಿ ಟ್ಯಾಂಕರ್ ಅಪಾಯವಾಗಬಹುದು: ಒಳಗೆ ಉಳಿದ ಆವಿಗೆ ಗಾಳಿ ಬೆರೆತರೆ ಒಂದು ಕಿಡಿ ಸಾಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೇರದೆ ಮಳೆನೀರಿನ ಹಾಗೆ ಚರಂಡಿ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಕಿಡಿ ಏಳಬಾರದೆಂದೇ ಬಂಕಿನಲ್ಲಿ ಮೊದಲು ಅರ್ಥಿಂಗ್ ವೈರ್, ಆಮೇಲೆ ಪೈಪು. ಪೆಟ್ರೋಲ್ ಬೆಂಕಿಗೆ ನೀರು ಹೊಡೆದರೆ ಪೆಟ್ರೋಲ್ ಅದರ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ, ನೊರೆಯೇ ಬೇಕು. ಟ್ಯಾಂಕರ್ ಫಲಕದ ಮೇಲಿನ 1203 ಪೆಟ್ರೋಲಿಗೆ ವಿಶ್ವಸಂಸ್ಥೆ ಕೊಟ್ಟ ನಂಬರು; 1075 ಎಲ್‌ಪಿಜಿಯದು.

ಜೂನ್ 14, ಶುಕ್ರವಾರ
ಪೆರ್ನೆಯ ಮಾತು ಬಂತು. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರ ಗ್ಯಾಸ್ ಟ್ಯಾಂಕರ್ ಮಗುಚಿ, ಸೋರಿದ ಗ್ಯಾಸ್ ಹೊತ್ತಿಕೊಂಡಿತು. ರಸ್ತೆ ಬದಿಯ ಮನೆಗಳಲ್ಲಿದ್ದವರೂ ಸತ್ತರು. ಶಿರಾಡಿ ಇಳಿದು ಆ ದಾರಿಯಲ್ಲಿ ಹೋದವನು ನಾನು. ತಿರುವು ಕಣ್ಣಿಗೆ ಕಟ್ಟಿತು. ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೆ ಕೂಡಲೇ ತಿಳಿಸುವುದು ಡ್ರೈವರ್ ಕೆಲಸ, ಹೆದರಿ ಓಡಿಹೋಗುವಂತಿಲ್ಲ. ಎಂಜಿನ್ ಆಫ್ ಮಾಡಿ, ಜನರನ್ನು ಗಾಳಿ ಬೀಸಿಬರುವ ದಿಕ್ಕಿಗೆ ಕಳಿಸಬೇಕು. ಆದರೆ ಜನ ಕೇಳುತ್ತಾರೆಯೇ? ಟ್ಯಾಂಕರ್ ಬಿದ್ದರೆ ಕೊಡ, ಕ್ಯಾನು ಹಿಡಿದು ಬರುವವರೇ ಹೆಚ್ಚು.

ಜುಲೈ 6, ಶನಿವಾರ. ಭೇರ್ಯ
ಎಂಡಾರ್ಸ್‌ಮೆಂಟ್ ಆಯಿತು. ಮೊದಲು ಇದರ ಅವಧಿ ಒಂದೇ ವರ್ಷ. 2019ರ ತಿದ್ದುಪಡಿಯಿಂದ ಮೂರು ವರ್ಷವಾಗಿದೆ. ನವೀಕರಿಸಲು ಒಂದು ದಿನದ ಮರುತರಬೇತಿ. ಬೆಂಕಿ ವಿಷಯಕ್ಕೆ ಮೂರು ವರ್ಷ ಉದ್ದವಾಯಿತು ಅಂತ ನನ್ನ ಅನಿಸಿಕೆ. ಕಲಿತದ್ದು ಆರು ತಿಂಗಳಲ್ಲೇ ಮಾಸುತ್ತದೆ.

ಟ್ಯಾಂಕರ್ ನೋಡಿ ಬಂದೆ. ಹಿಂದಿನ ಫಲಕವೆಲ್ಲ ಇಂಗ್ಲಿಷು. ಓದಬೇಕಾದವರು ನಮ್ಮ ಕಡೆಯ ಹೊಸಅಗ್ರಹಾರದಂಥ ಊರಿನ ಹೊಲದಲ್ಲಿದ್ದಾರೆ. 'ಬೀಡಿ ಆರಿಸಿ, ದೂರ ಸರಿಯಿರಿ' ಅಂತ ಕನ್ನಡದಲ್ಲಿ ದಪ್ಪಕ್ಷರದ ಸಾಲೊಂದನ್ನು ಬರೆಸಿಕೊಡಿ ಅಂತ ಮಾಲೀಕರನ್ನು ಕೇಳಿದ್ದೇನೆ.