ಕೆರೆಯ ಮೇಲಿನ ನೊರೆ

ಕಳೆದ ಮಳೆಗಾಲದ ಆರಂಭದಲ್ಲಿ ನನ್ನಿಂದೊಂದು ತಪ್ಪಾಯಿತು. ನಮ್ಮ ಅಡಕೆ ತೋಟದ ಕೆರೆಯ ಮೇಲೆ ಬಾಗಿದ್ದ ಮರದಿಂದ ಎಲೆಯುದುರಿ ನೀರು ಕೆಡುತ್ತಿತ್ತು. ಮಳೆ ಬಿಡುವು ಕೊಟ್ಟಿದ್ದ ಒಂದು ಬೆಳಗ್ಗೆ ಅದರ ಕೊಂಬೆಯೊಂದನ್ನು ಕಡಿದು ದಂಡೆಗೆ ಎಸೆದೆ. ಎಲೆಗಳ ನಡುವೆ ಮುಷ್ಟಿಯಷ್ಟು ಬಿಳಿ ನೊರೆ ಅಂಟಿಕೊಂಡಿತ್ತು. ಯಾವುದೋ ಹುಳದ ಕೆಲಸವೆಂದು ಭಾವಿಸಿ ಸುಮ್ಮನಾದೆ.

ಐದನೆಯ ತರಗತಿಯಲ್ಲಿ ಓದುವ ಮಗಳು ಸಂಜೆ ಅದನ್ನು ನೋಡಿ, "ಅಪ್ಪಾ, ಇದರೊಳಗೆ ಮೊಟ್ಟೆಗಳಿವೆ" ಎಂದಳು. ಅದು ಮರಗಪ್ಪೆಯ ಗೂಡಾಗಿತ್ತು.

ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಗಿರುವಂತೆ ಚಿಪ್ಪಿಲ್ಲ, ಲೋಳೆಯೇ ಹೊದಿಕೆ. ಬಿಸಿಲಿಗೆ ಅದು ಒಣಗುತ್ತದೆ, ನೀರಿನಲ್ಲಿಟ್ಟರೆ ಮೀನಿಗೆ ಆಹಾರವಾಗುತ್ತದೆ. ಆದುದರಿಂದ ಹೆಣ್ಣು ಮರಗಪ್ಪೆ ತನ್ನ ಮೈಯಿಂದ ಸ್ರವಿಸುವ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಯೆಬ್ಬಿಸಿ, ಅದರೊಳಗೆ ಮೊಟ್ಟೆಯಿಡುತ್ತದೆ. ನೊರೆಯ ಹೊರಮೈ ಒಣಗಿದರೂ ಒಳಗೆ ತೇವ ಉಳಿಯುತ್ತದೆ. ಕೆಲವು ದಿನಗಳ ಬಳಿಕ ನೊರೆ ಕರಗಿ, ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಗೂಡು ನೀರಿನ ನೇರಕ್ಕೇ ಇರಬೇಕು. ತಾಯಿ ಆರಿಸಿದ ಆ ಕೊಂಬೆಯೇ ಮರಿಗಳಿಗೆ ರಕ್ಷೆ. ನಾನು ಕಡಿದದ್ದು ಅದನ್ನೇ.

ಬಾಳೆನಾರಿನಿಂದ ಕೊಂಬೆಯನ್ನು ಮತ್ತೆ ನೀರಿನ ಮೇಲೆ ಕಟ್ಟಿದೆವು. ಮಗಳು ದಿನವೂ ಶಾಲೆಗೆ ಹೊರಡುವ ಮುನ್ನ ಹೋಗಿ ನೋಡುತ್ತಿದ್ದಳು. ಒಂದು ಮರಿಯೂ ಬೀಳಲಿಲ್ಲ. ಹಗಲಿಡೀ ಬಿಸಿಲಿನಲ್ಲಿ ಬಿದ್ದಿದ್ದ ನೊರೆ ಒಳಗಿನವರೆಗೂ ಒಣಗಿತ್ತು. ಅವಳು ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಅವಳನ್ನು ಸಮಾಧಾನಪಡಿಸಲು ಇನ್ನೊಂದು ಕಪ್ಪೆಯ ಕಥೆ ಹೇಳಿದೆ. ಉತ್ತರ ಕನ್ನಡದ ಕಾಡಿನ ತೊರೆಗಳಲ್ಲಿರುವ ಆ ಕಪ್ಪೆಯ ಗಂಡು, ಹಿಂಗಾಲುಗಳ ಮೇಲೆ ನಿಂತು, ತೊರೆಯ ತಳದ ಕೆಸರನ್ನು ಮುಂಗೈಗಳಲ್ಲಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದ ವಿಜ್ಞಾನಿಗಳು ವೈಜ್ಞಾನಿಕ ಹೆಸರಿನಲ್ಲಿಯೇ 'ಕುಂಬಾರ' ಎಂಬ ಪದವನ್ನು ಸೇರಿಸಿದರು. "ನಮ್ಮ ಪಾಠದ ಕುಂಬಾರನೇ?" ಎಂದು ಅವಳು ಕಣ್ಣರಳಿಸಿದಳು. ಹೌದು, ಲೋಕದ ವಿಜ್ಞಾನಿಗಳೆಲ್ಲ ಆ ಕಪ್ಪೆಯನ್ನು ಕರೆಯುವುದು ನಮ್ಮ ನುಡಿಯ ಪದದಿಂದಲೇ ಎಂದೆ.

ಈ ವರ್ಷ ಕೊಂಬೆಗಳನ್ನು ಕಡಿಯಲಿಲ್ಲ. ನೀರಿಗೆ ಬಿದ್ದ ಎಲೆಗಳನ್ನು ಬುಟ್ಟಿಯಿಂದ ಗೋರಿ ತೆಗೆಯುತ್ತೇನೆ. ಮೊನ್ನೆ ಮುಂಜಾನೆ ಮಗಳು ನನ್ನನ್ನು ಎಬ್ಬಿಸಿ ಕೆರೆಯ ಬಳಿಗೆ ಕರೆದೊಯ್ದಳು. ಕೊಂಬೆಯ ಮೇಲಿನ ನೊರೆ ತೊಟ್ಟಿಕ್ಕುತ್ತಿತ್ತು; ಒಂದೊಂದು ತೊಟ್ಟಿನೊಡನೆ ಒಂದೊಂದು ಪುಟ್ಟ ಬಾಲ ನೀರಿಗಿಳಿಯುತ್ತಿತ್ತು. ಅವಳು ಎಣಿಸತೊಡಗಿದಳು. ಶಾಲೆಗೆ ತಡವಾಗುತ್ತದೆಂದು ನಾನು ಹೇಳಲಿಲ್ಲ.