ಅಡುಗೆಮನೆಯಿಲ್ಲದ ಗಿರಾಕಿ

ಪ್ರವಾಸಿಗೆ ಊರಿನ ಬಹುತೇಕ ಬಾಗಿಲುಗಳು ತೆರೆದೇ ಇರುತ್ತವೆ. ದೇವಸ್ಥಾನದಲ್ಲಿ ಕೈಮುಗಿದರೆ ಸಾಕು, ಕಡಲತೀರದಲ್ಲಿ ಪ್ಯಾಂಟು ಮಡಚಿಕೊಂಡರೆ ಸಾಕು. ಕಾರವಾರದಲ್ಲಿ ದಡಕ್ಕೆ ತಂದು ನಿಲ್ಲಿಸಿರುವ ಯುದ್ಧನೌಕೆಗೂ ಟಿಕೆಟ್ಟು ಕೊಂಡರೆ ಹತ್ತಬಹುದು. ಮಾರ್ಕೆಟ್ಟು ಮಾತ್ರ ನೇರವಾಗಿ ಮುಖ ನೋಡಿ ‘ಏನ್ ಬೇಕು?’ ಎಂದು ಕೇಳುತ್ತದೆ. ಲಾಡ್ಜಿನಲ್ಲಿ ಇಳಿದವನ ಹತ್ತಿರ ಇದಕ್ಕೆ ಉತ್ತರವಿಲ್ಲ. ಒಲೆಯಿಲ್ಲ, ಬಾಣಲೆಯಿಲ್ಲ, ಮಸಾಲೆ ರುಬ್ಬಲು ಕಲ್ಲಿಲ್ಲ. ಇರುವುದು ಒಂದು ಟೀಪಾಯಿ, ಎರಡು ಗ್ಲಾಸು, ಟಿವಿಯ ರಿಮೋಟು. ಆದರೂ ಹೊಸ ಊರಿಗೆ ಹೋದರೆ ನನ್ನ ಕಾಲು ಮೊದಲು ಎಳೆಯುವುದು ಮಾರ್ಕೆಟ್ಟಿನ ಕಡೆಗೇ.

ಮೇ ಕೊನೆಯ ವಾರ ಹೋಗಿದ್ದೆವು. ಕಾರವಾರದಲ್ಲಿ ಭಾನುವಾರ ಸಂತೆ. ಘಟ್ಟದ ಮೇಲಿನಿಂದ ಬಂದ ತರಕಾರಿ, ಮೆಣಸಿನಕಾಯಿ, ಬೆಳ್ಳುಳ್ಳಿಯ ರಾಶಿಗಳ ನಡುವೆ ಜನ ಕೊಳ್ಳುತ್ತಿದ್ದ ರೀತಿಯೇ ಬೇರೆ ಇತ್ತು. ಅವತ್ತಿನ ಸಾರಿಗಾಗಿ ಯಾರೂ ಬಂದಂತಿರಲಿಲ್ಲ. ಎಲ್ಲರದೂ ಮಳೆಗಾಲದ ಲೆಕ್ಕ. ನೀರುಳ್ಳಿ ಜುಟ್ಟು ಹೆಣೆದ ಗೊಂಚಲು ಗೊಂಚಲಾಗಿ ಹೆಗಲೇರುತ್ತಿತ್ತು. ಒಣಗಿದ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಒಣ ಸಿಗಡಿ, ಉಪ್ಪು ಹಾಕಿ ಒಣಗಿಸಿದ ಬಂಗಡೆ ಚೀಲ ಸೇರುತ್ತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವದು, ಕಡಲೂ ಕೆರಳಿರುತ್ತದೆ. ಹಸಿ ಮೀನು ಅಪರೂಪವಾಗುವ ಆ ಎರಡು ತಿಂಗಳಿಗೆ ಗಂಜಿಯ ಪಕ್ಕದಲ್ಲಿ ಕೂರುವುದು ಈ ಒಣಮೀನೇ. ಒಣಮೀನಿನ ಸಾಲಿನಲ್ಲಿ ಮೂಗು ಮುಚ್ಚಿಕೊಂಡು ಹೋಗುವವರು ಪ್ರವಾಸಿಗರು, ಮೂಗಿನಿಂದಲೇ ಆರಿಸುವವರು ಊರವರು. ಗುರುತಿಗೆ ಬೇರೆ ಕಾರ್ಡು ಬೇಡ.

ಹಸಿಮೀನಿನ ಮಾರ್ಕೆಟ್ಟಿನಲ್ಲಿ ನಾವು ಬಯಲುಸೀಮೆಯವರು ಅಕ್ಷರ ಬಾರದವರ ಹಾಗೆ ನಿಂತೆವು. ಬಂಗಡೆ, ತಾರ್ಲೆ, ನೋಗಲಿ, ಇಸೋಣ, ಸಿಗಡಿ, ಕಾಳಿ ನದಿಯ ಅಳಿವೆಯಲ್ಲಿ ನೀರಿಳಿದಾಗ ಕೆಸರು ಕೆದಕಿ ತೆಗೆದ ಬಳಚು. ಮಾರುವವರೆಲ್ಲ ಹೆಂಗಸರು, ವ್ಯಾಪಾರವೆಲ್ಲ ಕೊಂಕಣಿಯಲ್ಲಿ, ನಮ್ಮಂಥವರಿಗಾಗಿ ನಡುನಡುವೆ ಕನ್ನಡ. ನಮ್ಮೂರಲ್ಲಿ ಕಿಲೋ ನಿಂತಿರುತ್ತದೆ, ರೂಪಾಯಿ ಏರಿಳಿಯುತ್ತದೆ. ಇಲ್ಲಿ ಬಂಗಡೆಯ ಲೆಕ್ಕದಲ್ಲಿ ನೂರರ ನೋಟು ನಿಂತಿರುತ್ತದೆ, ಮೀನು ಏರಿಳಿಯುತ್ತದೆ. ಬಲೆ ತುಂಬಿ ಬಂದ ದಿನ ನೂರಕ್ಕೆ ಕೈತುಂಬ, ಬಾರದ ದಿನ ನೂರಕ್ಕೆ ಬೆರಳೆಣಿಕೆ. ಸರ್ಕಾರದ ಯಾವ ಬೆಲೆ ಸೂಚ್ಯಂಕವೂ ಕಡಲಿನ ಸುದ್ದಿಯನ್ನು ಇಷ್ಟು ಬೇಗ ಹೇಳಲಾರದು.

ನನ್ನ ಮುಂದೆ ಒಬ್ಬ ಅಜ್ಜ ಬಂಗಡೆಯೊಂದರ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದರು. ಒಳಗೆ ಕೆಂಪಿತ್ತು. ಹೊಟ್ಟೆಯ ಮೇಲೆ ಬೆರಳೊತ್ತಿದರು, ಕುಳಿ ಬೀಳಲಿಲ್ಲ. ರೇಟಿನ ಬಗ್ಗೆ ಒಂದು ಮಾತೂ ಆಡದೆ ಇನ್ನೆರಡು ಮೀನನ್ನು ತಾವೇ ಎತ್ತಿ ತಮ್ಮ ಪಾಲಿಗೆ ಸೇರಿಸಿಕೊಂಡರು. ಮಾರುವಾಕೆ ಒಂದನ್ನು ವಾಪಸು ಎಳೆದುಕೊಂಡಳು. ಅಲ್ಲಿಗೆ ಚೌಕಾಸಿ ಮುಗಿಯಿತು. ಆಮೇಲೆ ನನ್ನ ಕಡೆ ತಿರುಗಿ, ‘ನೋಡೂದಾದ್ರೆ ನೋಡಿ ಅಣ್ಣಾ, ಸ್ವಲ್ಪ ಈ ಬದಿಗೆ ನಿಂತ್ಕಳಿ, ಗಿರಾಕಿ ಬರ್ತಾರೆ’ ಎಂದಳು. ನಾನು ಗಿರಾಕಿಯಲ್ಲ ಎಂಬುದನ್ನು ಅಷ್ಟು ಮರ್ಯಾದೆಯಿಂದ ಈವರೆಗೆ ಯಾರೂ ಹೇಳಿರಲಿಲ್ಲ.

ಇಂಥವರಿಗೆ ಖಾನಾವಳಿಯೊಂದೇ ಗತಿ. ಬೆಳಿಗ್ಗೆ ನಮ್ಮನ್ನು ಬದಿಗೆ ಸರಿಸಿದ ಮೀನು ಮಧ್ಯಾಹ್ನ ರವೆ ಹೊದ್ದು ತಟ್ಟೆಗೆ ಬಂತು. ಕುಚ್ಚಲಕ್ಕಿ ಅನ್ನದ ಮೇಲೆ ಕಾಯಿ ಅರೆದ ಕೆಂಪು ಸಾರು, ಅದರಲ್ಲಿ ಮುರುಗಲಿನ ಹುಳಿ, ನಾಲಿಗೆಯನ್ನು ಜುಮ್ಮೆನಿಸುವ ಜುಮ್ಮನಕಾಯಿ, ಕೊನೆಗೆ ಗುಲಾಬಿ ಬಣ್ಣದ ಸೋಲ್ ಕಡಿ. ಈ ಊರಿಗೆ ರವೀಂದ್ರನಾಥ ಠಾಗೋರರು ತರುಣರಾಗಿದ್ದಾಗ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮ ಒಂದು ನಾಟಕವನ್ನೂ ಠಾಗೋರರು ಇಲ್ಲೇ ಬರೆದರು. ಕಡಲತೀರಕ್ಕೆ ಅವರ ಹೆಸರಿಟ್ಟದ್ದು ಅದಕ್ಕೇ. ಆದರೆ ಆ ಬಂಗಾಳಿ ತರುಣ ಮೀನು ಮಾರ್ಕೆಟ್ಟಿನ ಕಡೆ ಸುಳಿಯದೆ ಹೋಗಿದ್ದನೆಂದರೆ ನಾನು ನಂಬುವುದಿಲ್ಲ. ಅವನಿಗಾದರೂ ಅಣ್ಣನ ಮನೆಯ ಅಡುಗೆಮನೆಯಿತ್ತು!

ಅಂಕೋಲೆಯಲ್ಲಿ ನಮಗೆ ಬಡ್ತಿ ಸಿಕ್ಕಿತು. ಹೆದ್ದಾರಿ ಬದಿಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಗಳ ಹಿಂದೆ ಕೂತಿದ್ದರು, ಕೊರಳ ತುಂಬ ಮಣಿಸರ. ಬುಟ್ಟಿಯಲ್ಲಿ ಹುಲ್ಲಿನ ಮೇಲೆ ಕರಿ ಈಶಾಡು ಮಾವಿನಹಣ್ಣು. ಒಲೆ ಬೇಡ, ಚಾಕುವೂ ಬೇಡ. ಅಜ್ಜಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಇಂದಿಗಾ, ನಾಳಿಗಾ ತಮಾ?’ ಇಂದಿಗೆ ಎಂದೆ. ತೊಟ್ಟಿನ ಬಳಿ ಹೆಬ್ಬೆರಳಿಟ್ಟು ನೋಡುತ್ತ ಒಂದೊಂದೇ ಆರಿಸಿದರು. ಕೆಲವನ್ನು ‘ಇದ್ ನಾಳೀಗೆ’ ಎಂದು ಪಕ್ಕಕ್ಕಿಟ್ಟರು. ‘ನಾಡಿದ್ದಿಗೆ ಬೇಕಾದರೆ?’ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು. ಕಾರಿನ ಬಾನೆಟ್ಟಿನ ಪಕ್ಕದಲ್ಲೇ ನಿಂತು ಹಿಂಡಿ ತಿಂದೆವು. ಸಿಪ್ಪೆ ಕಾಗದದಷ್ಟು ತೆಳು, ಒಳಗೆ ನಾರಿಲ್ಲದ ತಿರುಳು, ಮೊಣಕೈವರೆಗೆ ರಸ. ಬಿಳಿ ಈಶಾಡು ಎಂಬ ದಪ್ಪ ಸಿಪ್ಪೆಯ ತಮ್ಮನೂ ಇದ್ದಾನೆ, ಸಿಹಿಯಲ್ಲಿ ಅಣ್ಣನಿಗೆ ಸಾಟಿಯಲ್ಲ.

ಕರಿ ಈಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹೆಸರು ದೇಶ ಸುತ್ತುತ್ತಿದೆ. ಹಣ್ಣು ಮಾತ್ರ ಘಟ್ಟ ಹತ್ತುವಷ್ಟರಲ್ಲಿ ಸುಸ್ತಾಗುತ್ತದೆ. ತೆಳು ಸಿಪ್ಪೆಯೇ ಅದರ ಗುಣ, ತೆಳು ಸಿಪ್ಪೆಯೇ ಅದರ ಕಷ್ಟ. ಆ ಅಜ್ಜಿಯ ಸಮುದಾಯದ್ದೂ ಇದೇ ಕಥೆ ಅನ್ನಿಸಿತು. ಸಾವಿರಾರು ಸಸಿ ಬೆಳೆಸಿದ ತುಳಸಿ ಗೌಡ, ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡ ಇಬ್ಬರೂ ಇದೇ ತಾಲ್ಲೂಕಿನ ಹಾಲಕ್ಕಿ ಹೆಣ್ಣುಮಕ್ಕಳು, ಇಬ್ಬರೂ ಪದ್ಮಶ್ರೀ. ನಾಡು ಅವರನ್ನು ದೆಹಲಿಯ ಫೋಟೋದಲ್ಲಿ ನೋಡಿತು. ಅಂಕೋಲೆಯವರಿಗೆ ಅವರ ಓರಗೆಯವರು ನಿತ್ಯ ಬಸಳೆ, ಹರಿವೆ, ಮೊಗೆಕಾಯಿ ಕೊಡುವವರು.

ಹೊರಡುವಾಗ ಹರಳುಪ್ಪು ಕೊಂಡೆವು. 1930ರ ಏಪ್ರಿಲ್‌ನಲ್ಲಿ ಇದೇ ಊರವರು ಉಪ್ಪು ತಯಾರಿಸಿ ಬ್ರಿಟಿಷರ ಕಾಯ್ದೆ ಮುರಿದಿದ್ದರು. ಈ ಊರಿನ ಉಪ್ಪನ್ನು ಚೌಕಾಸಿ ಮಾಡಿ ಕೊಳ್ಳಲು ನಾಲಿಗೆ ಬರಲಿಲ್ಲ. ಉಪ್ಪು, ಮುರುಗಲು, ಹಪ್ಪಳ, ಒಣಮೀನು ಎಲ್ಲಿಗೆ ಬೇಕಾದರೂ ಬರುತ್ತವೆ. ಬಳಚು, ಬಲೆಯಿಂದ ಆಗಷ್ಟೇ ಬಿಡಿಸಿದ ಬಂಗಡೆ, ಕರಿ ಈಶಾಡು ಬರುವುದಿಲ್ಲ. ಎಲ್ಲವೂ ಮೊಬೈಲು ಒತ್ತಿದರೆ ಮನೆಬಾಗಿಲಿಗೆ ಬರುವ ಕಾಲದಲ್ಲಿ ನಮ್ಮನ್ನು ಊರು ಬಿಡಿಸುವ ಶಕ್ತಿ ಉಳಿದಿರುವುದು ಹೀಗೆ ಬರಲೊಲ್ಲದ ಪದಾರ್ಥಗಳಿಗೆ.

ಇದು ತಿನ್ನುವವನ ಸ್ವಾರ್ಥ, ನಿಜ. ಬೆಳೆದವರಿಗೆ ಹಣ್ಣು ಬೆಂಗಳೂರಿಗೆ ಹೋಗಬೇಕು, ನಾಲ್ಕು ಕಾಸು ಹೆಚ್ಚು ಸಿಗಬೇಕು. ಹೋಗಲಿ. ಆದರೆ ದೂರದ ದಾರಿಗೆಂದು ಯಾರೂ ಕರಿ ಈಶಾಡಿನ ಸಿಪ್ಪೆ ದಪ್ಪ ಮಾಡಲು ಹೊರಡದಿರಲಿ, ಗಟ್ಟಿಯಾಗಬೇಕಾದದ್ದು ಪೆಟ್ಟಿಗೆ.